ಕಾರಿನ ಸ್ಪೀಕರಿನ ಗರಗರವೂ ನಮ್ಮ ಪ್ರಯೋಗಶಾಲೆಯೂ

ಕಳೆದ ಮಳೆಗಾಲದಲ್ಲಿ ನನ್ನ ಹಳೆಯ ಕಾರಿನ ಮುಂದಿನ ಎಡಬಾಗಿಲಿನ ಸ್ಪೀಕರಿನಿಂದ ಒಂದು ಬಗೆಯ ಗರಗರ ಶಬ್ದವು ಹೊರಡತೊಡಗಿತು. ಕೊಳಲಿನ ವಾದನವು ನಡೆಯುತ್ತಿರುವಾಗ ಅದರ ಸುಳಿವೇ ಇಲ್ಲ. ಮೃದಂಗದ ಎಡಭಾಗಕ್ಕೆ ಪೆಟ್ಟು ಬಿದ್ದೊಡನೆಯೇ ಅದು ತಾನೂ ಒಂದು ವಾದ್ಯವೆಂಬಂತೆ ಕೂಡಿಕೊಳ್ಳುವುದು. ಕಾರನ್ನು ರಿಪೇರಿಯ ಅಂಗಡಿಗೆ ಒಯ್ದೆ. ಅಲ್ಲಿಯವರು ಅರೆನಿಮಿಷ ಕಿವಿಗೊಟ್ಟು, "ಸ್ಪೀಕರ್ ಹೋಗಿದೆ ಸಾರ್" ಎಂದರು. ಒಂದನ್ನೇ ಬದಲಿಸಿದರೆ ಜೋಡಿ ಹೊಂದುವುದಿಲ್ಲವೆಂದು ಎರಡನ್ನೂ ಬದಲಿಸಿದರು. 3,600 ರೂಪಾಯಿ ಕೊಟ್ಟು ಹೊರಟೆನು. ಊರು ದಾಟುವುದರೊಳಗೆ ಗರಗರವು ಮರಳಿ ಬಂದಿತು. ಎರಡನೆಯ ಸಲ ಹೋದಾಗ, ಸ್ಟೀರಿಯೊ ಪೆಟ್ಟಿಗೆಯಲ್ಲಿಯೇ ದೋಷವಿರಬೇಕು, ಅದನ್ನೂ ಬದಲಿಸುವುದು ಒಳ್ಳೆಯದು ಎಂಬ ಸಲಹೆ ಬಂದಿತು. ನಾನು ಅದಕ್ಕೂ ಒಪ್ಪುವವನಿದ್ದೆ.

ಭೌತಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯನ್ನು ಪಡೆದು, ವರ್ಷವರ್ಷವೂ ಕರಿಹಲಗೆಯ ಮೇಲೆ ಅನುರಣನೆಯ ರೇಖೆಯನ್ನು ಬರೆದು ತೋರಿಸುವ ನಾನು, ಆ ಶಬ್ದದ ವಿಷಯದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕೇಳಿದವನು ನಮ್ಮ ಕಾಲೇಜಿನ ದ್ವಿತೀಯ ಪಿ.ಯು.ಸಿ.ಯ ಒಬ್ಬ ವಿದ್ಯಾರ್ಥಿ. ಬಸ್ಸು ತಪ್ಪಿದ್ದರಿಂದ ಆ ಸಂಜೆ ನನ್ನ ಪಕ್ಕದಲ್ಲಿ ಕುಳಿತಿದ್ದನು. ಸ್ವಲ್ಪ ದೂರ ಸುಮ್ಮನಿದ್ದು, "ಸಾರ್, ಎಂಜಿನ್ ಆಫ್ ಮಾಡಿದ್ರೂ ಬರುತ್ತಾ?" ಎಂದು ಕೇಳಿದನು. ರಸ್ತೆಯ ಬದಿಗೆ ನಿಲ್ಲಿಸಿ ನೋಡಿದೆವು, ಬರುತ್ತಿತ್ತು. "ಬಲಗಡೆಗೆ ತಿರುಗಿಸಿ ಸಾರ್" ಎಂದನು. ಬ್ಯಾಲೆನ್ಸ್ ಗುಂಡಿಯನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಶಬ್ದವು ನಿಂತಿತು. ಎಡಕ್ಕೆ ತಿರುಗಿಸಿದಾಗ ಬಂದಿತು. ಆಮೇಲೆ ಅವನು ಬಾಗಿಲಿನ ಒಳಹೊದಿಕೆಯ ಮೇಲೆ ಅಂಗೈಯನ್ನು ಬಲವಾಗಿ ಒತ್ತಿದನು. ಗರಗರವು ಥಟ್ಟನೆ ನಿಂತುಹೋಯಿತು. ಕೈ ತೆಗೆದನು, ಮತ್ತೆ ಬಂದಿತು. ಬೇಸಗೆಯಲ್ಲಿ ಕಿಟಕಿಯ ಗಾಜನ್ನು ಏರಿಸುವ ಯಂತ್ರವನ್ನು ದುರಸ್ತಿ ಮಾಡಿಸಿದಾಗ ಹೊದಿಕೆಯನ್ನು ಬಿಚ್ಚಿದ್ದರು. ಅದನ್ನು ಹಿಡಿದಿರುವ ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳಲ್ಲಿ ಎರಡು ಮುರಿದಿದ್ದವು. ಹೊಸ ಕ್ಲಿಪ್ಪುಗಳಿಗೆ, ಎರಡಕ್ಕೂ ಸೇರಿ, 30 ರೂಪಾಯಿ.

ಅಂಗಡಿಯವರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಹಿಂದೆ ನಾಲ್ಕು ವಾಹನಗಳು ಕಾದು ನಿಂತಿರುವಾಗ ಕೈಗೆ ಸುಲಭವಾಗಿ ಸಿಕ್ಕುವ ಭಾಗವನ್ನು ಬದಲಿಸುವುದು ಅವರಿಗೆ ಸಹಜ. ಹಾಗೆ ಬದಲಿಸಿದಾಗ ಅನೇಕ ವೇಳೆ ದೋಷವು ಹೋಗುವುದೂ ಉಂಟು. ಆದರೆ ಭೌತಶಾಸ್ತ್ರವನ್ನು ಕಲಿತವನು, ಕಲಿಸುವವನು, ಹಾಗೆ ಮಾಡಬಹುದೆ? ವಾಚಕರಲ್ಲಿ ಬಹುಮಂದಿ ವಿದ್ಯಾರ್ಥಿಗಳಾದುದರಿಂದ ಈ ವಿಷಯವನ್ನು ತುಸು ವಿಸ್ತಾರವಾಗಿ ವಿವೇಚಿಸುವುದು ಯುಕ್ತವೆಂದು ಭಾವಿಸುತ್ತೇನೆ.

ಮೊದಲು ಶಬ್ದಕ್ಕೆ ಹೆಸರಿಡಬೇಕು. ಕನ್ನಡವು ಅನುಕರಣಾವ್ಯಯಗಳಲ್ಲಿ ಸಂಪನ್ನವಾದ ಭಾಷೆ. ಹೈಸ್ಕೂಲಿನ ವ್ಯಾಕರಣದಲ್ಲಿ ಬಾಯಿಪಾಠ ಮಾಡಿ ಮರೆತ ಆ ಪಟ್ಟಿಯು ಇಲ್ಲಿ ನಿಜವಾಗಿಯೂ ಪ್ರಯೋಜನಕ್ಕೆ ಬರುತ್ತದೆ. ಹಾಡಿನ ಜೊತೆಗೆ ಮಾತ್ರ ಹುಟ್ಟುವ ಗರಗರ ಬೇರೆ. ಹಾಡಿಲ್ಲದಿದ್ದರೂ ಇರುವ ಷ್ ಎಂಬ ಬುಸುಗುಟ್ಟುವಿಕೆ ಬೇರೆ. ರಸ್ತೆಯ ಗುಂಡಿಯಲ್ಲಿ ಚಕ್ರವು ಇಳಿದಾಗ ಬರುವ ಚಟಚಟ ಬೇರೆ. ಎಂಜಿನ್ನಿನ ವೇಗದೊಡನೆ ಏರಿ ಇಳಿಯುವ ಕುಂಯ್ ಎಂಬ ಸಿಳ್ಳು ಮತ್ತೂ ಬೇರೆ. "ಸ್ಪೀಕರು ಸರಿಯಿಲ್ಲ" ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ತುಂಬಿದರೆ ಯಾವ ಮೆಕ್ಯಾನಿಕನು ತಾನೆ ಏನು ಮಾಡಬಲ್ಲನು?

ತರುವಾಯ, ದೋಷವಿರಬಹುದಾದ ಕ್ಷೇತ್ರವನ್ನು ಪ್ರತಿಯೊಂದು ಪ್ರಶ್ನೆಯಿಂದಲೂ ಎರಡಾಗಿ ಸೀಳುತ್ತ ಹೋಗಬೇಕು. ಎಂಜಿನ್ನನ್ನು ನಿಲ್ಲಿಸಿದರೂ ಶಬ್ದವಿದೆಯೆ? ಧ್ವನಿಯ ಮಟ್ಟವನ್ನು ಸೊನ್ನೆಗೆ ಇಳಿಸಿದರೂ ಇದೆಯೆ? ಇದ್ದರೆ ಅದು ಧ್ವನಿನಿಯಂತ್ರಕದ ಆಚೆಗೆ ಎಲ್ಲಿಯೋ ಒಳಹೊಗುತ್ತಿರಬೇಕು. ಎಡವೊ ಬಲವೊ, ಮುಂದೊ ಹಿಂದೊ? ಹೌದು-ಅಲ್ಲ ಎಂಬ ಉತ್ತರದ ಮೂರು ಪ್ರಶ್ನೆಗಳು ಎಂಟು ಕೋಣೆಗಳಲ್ಲಿ ಏಳನ್ನು ಮುಚ್ಚಿಬಿಡುತ್ತವೆ. ಇದುವರೆಗೆ ಒಂದು ಸ್ಕ್ರೂವನ್ನೂ ಬಿಚ್ಚಿಲ್ಲ, ಒಂದು ಕಾಸೂ ಖರ್ಚಾಗಿಲ್ಲ.

ಇಷ್ಟಾದ ಮೇಲೂ ಸಂಶಯವುಳಿದರೆ ಎಡ ಬಲ ಸ್ಪೀಕರುಗಳ ತಂತಿಗಳನ್ನು ಸ್ಟೀರಿಯೊದ ಹಿಂದೆ ಅದಲುಬದಲು ಮಾಡಿ ನೋಡಬೇಕು. ಶಬ್ದವು ಈಗ ಬಲಗಡೆಗೆ ಹೋದರೆ ತಪ್ಪು ಸ್ಟೀರಿಯೊದ ಕಡೆಯದು. ಎಡಗಡೆಯಲ್ಲಿಯೇ ಉಳಿದರೆ ತಂತಿ, ಸ್ಪೀಕರು ಅಥವಾ ಬಾಗಿಲಿನದು. ಈ ಉಪಾಯವು ಹೊಸದೇನೂ ಅಲ್ಲ. ಮೀಟರ್ ಬ್ರಿಜ್ಜಿನ ಪ್ರಯೋಗದಲ್ಲಿ ಎಡ ಬಲ ಸಂದುಗಳ ರೋಧಗಳನ್ನು ಅದಲುಬದಲು ಮಾಡಿ ಸರಾಸರಿಯನ್ನು ತೆಗೆಯುತ್ತೇವಲ್ಲವೆ? ತಂತಿಯ ಎರಡು ತುದಿಗಳಲ್ಲಿ ಅಡಗಿರುವ ದೋಷವನ್ನು ಕಳೆಯುವುದಕ್ಕಾಗಿಯೇ ಅದು. ಆದರೆ "ಏಕೆ ಅದಲುಬದಲು ಮಾಡಿದೆ?" ಎಂದು ಕೇಳಿ ನೋಡಿ, "ರೆಕಾರ್ಡಿನಲ್ಲಿ ಹಾಗೆ ಇದೆ ಸಾರ್" ಎಂಬುದೇ ನನಗೆ ಬಹಳ ಸಲ ದೊರೆತಿರುವ ಉತ್ತರ.

ಇನ್ನು ಶಬ್ದಗಳ ಹುಟ್ಟನ್ನು ನೋಡೋಣ. ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಎಂಜಿನ್ನಿನೊಡನೆ ಏರುವ ಕುಂಯ್. ಕಾರಿನ ಬ್ಯಾಟರಿಯನ್ನು ತುಂಬುವ ಆಲ್ಟರ್ನೇಟರು ಮೂರು ಹಂತಗಳ ಪರ್ಯಾಯ ವಿದ್ಯುತ್ತನ್ನು ಹುಟ್ಟಿಸುತ್ತದೆ. (ಎಷ್ಟೋ ಮಂದಿ ಮೆಕ್ಯಾನಿಕರು ಇದನ್ನು ಇಂದಿಗೂ ಡೈನಮೊ ಎಂದೇ ಕರೆಯುವರು.) ಆರು ಡಯೋಡುಗಳು ಆ ವಿದ್ಯುತ್ತನ್ನು ಏಕಮುಖವಾಗಿಸುತ್ತವೆ. ಆದರೆ ಹೀಗೆ ದೊರೆಯುವ ವಿದ್ಯುತ್ತು ಬ್ಯಾಟರಿಯದರಂತೆ ಸಮತಟ್ಟಲ್ಲ. ಅದರ ತಲೆಯ ಮೇಲೆ ಸಣ್ಣ ಅಲೆಗಳಿರುತ್ತವೆ. ಪರ್ಯಾಯ ವಿದ್ಯುತ್ತಿನ ಒಂದು ಆವರ್ತಕ್ಕೆ ಆರು ಅಲೆ. ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆಯೆನ್ನೋಣ. ರಾಟೆಗಳ ಪ್ರಮಾಣವು 2.5 ಆದರೆ ಆಲ್ಟರ್ನೇಟರು ನಿಮಿಷಕ್ಕೆ 2,000, ಅಂದರೆ ಸೆಕೆಂಡಿಗೆ ಸುಮಾರು 33 ಸುತ್ತು ತಿರುಗುವುದು. ಅದರಲ್ಲಿ ಆರು ಜೋಡಿ ಧ್ರುವಗಳಿದ್ದರೆ ಪರ್ಯಾಯ ವಿದ್ಯುತ್ತಿನ ಆವೃತ್ತಿ 200 ಹರ್ಟ್ಸ್. ಅದರ ಆರರಷ್ಟು 1,200 ಹರ್ಟ್ಸ್. ಕಿವಿಗೆ ಚೆನ್ನಾಗಿ ಕೇಳುವ ಸ್ವರವಿದು! ಎಂಜಿನ್ನಿನ ವೇಗವನ್ನು 1,600ಕ್ಕೆ ಏರಿಸಿದರೆ ಸ್ವರವು 2,400 ಹರ್ಟ್ಸಿಗೆ, ಎಂದರೆ ಸರಿಯಾಗಿ ಒಂದು ಸ್ಥಾಯಿ ಮೇಲಕ್ಕೆ ಹೋಗಬೇಕು. ಷಡ್ಜದಿಂದ ತಾರಷಡ್ಜಕ್ಕೆ ಏರುವ ಈ ಸಿಳ್ಳನ್ನು ಸಂಗೀತದ ಅಭ್ಯಾಸವುಳ್ಳವರು ಯಾವ ಉಪಕರಣವೂ ಇಲ್ಲದೆ ಗುರುತಿಸಬಲ್ಲರು. ಗುರುತಿಸಿದಲ್ಲಿ, ಸ್ಪೀಕರು ನಿರಪರಾಧಿಯೆಂಬುದು ಸಿದ್ಧವಾಯಿತು.

ಈ ಅಲೆಯು ಹಾಡಿನೊಳಗೆ ನುಸುಳುವ ದಾರಿ ಯಾವುದು? ಕಾರಿನಲ್ಲಿ ವಿದ್ಯುತ್ತು ಬ್ಯಾಟರಿಗೆ ಮರಳಲು ಬೇರೆ ತಂತಿಯನ್ನು ಎಳೆಯದೆ ಲೋಹದ ಮೈಯನ್ನೇ ಬಹುಮಟ್ಟಿಗೆ ಬಳಸಿಕೊಳ್ಳುತ್ತಾರೆ. ಬಾಡಿ ಅರ್ತ್ ಎಂದು ಕರೆಯುವುದು ಇದನ್ನೇ. ಸ್ಟೀರಿಯೊ ಮುಂದೆ, ಆಂಪ್ಲಿಫಯರು ಹಿಂದೆ ಡಿಕ್ಕಿಯಲ್ಲಿದೆ. ಎರಡಕ್ಕೂ ಬೇರೆ ಬೇರೆ ಕಡೆಯಲ್ಲಿ ಅರ್ತ್ ಕೊಟ್ಟಿದ್ದಾರೆ. ನಡುವೆ ಇರುವ ತುಕ್ಕುಹಿಡಿದ ಬೋಲ್ಟಿನ ರೋಧವು ಕೇವಲ 0.005 ಓಮ್ ಎಂದಿಟ್ಟುಕೊಳ್ಳಿ. ದೀಪ, ಫ್ಯಾನು ಮೊದಲಾದುವುಗಳ 20 ಆಂಪಿಯರ್ ಪ್ರವಾಹವು ಅದರ ಮೂಲಕ ಹರಿದರೆ, ಓಮನ ನಿಯಮದ ಪ್ರಕಾರ ಎರಡು ಅರ್ತುಗಳ ನಡುವೆ 0.1 ವೋಲ್ಟಿನ ವ್ಯತ್ಯಾಸವುಂಟಾಗುವುದು. ಸ್ಟೀರಿಯೊದಿಂದ ಆಂಪ್ಲಿಫಯರಿಗೆ ಹೋಗುವ ಹಾಡಿನ ವೋಲ್ಟೇಜೇ ಹೆಚ್ಚುಕಡಿಮೆ ಒಂದೆರಡು ವೋಲ್ಟು. ಆ ವ್ಯತ್ಯಾಸದಲ್ಲಿ ಅಲೆಯಾಡುವ ಅಂಶವು ಅತ್ಯಲ್ಪವಾದರೂ ಆಂಪ್ಲಿಫಯರು ಅದನ್ನೂ ಹಾಡೆಂದೇ ತಿಳಿದು ದೊಡ್ಡದು ಮಾಡಿ ಸ್ಪೀಕರಿಗೆ ಕಳುಹಿಸುತ್ತದೆ. ಪರಿಹಾರವು ಸರಳ: ಬೋಲ್ಟಿನ ಕೆಳಗಿನ ಬಣ್ಣವನ್ನೂ ತುಕ್ಕನ್ನೂ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ ಬಿಗಿಯಬೇಕು, ಸಾಧ್ಯವಾದರೆ ಎರಡಕ್ಕೂ ಒಂದೇ ಜಾಗದಲ್ಲಿ ಅರ್ತ್ ಕೊಡಬೇಕು, ಹಾಡಿನ ತಂತಿಯನ್ನು ಬ್ಯಾಟರಿಯ ತಂತಿಯಿಂದ ದೂರವಾಗಿ, ಕಾರಿನ ಇನ್ನೊಂದು ಬದಿಯಲ್ಲಿ ಒಯ್ಯಬೇಕು. ಡಯೋಡುಗಳಲ್ಲಿ ಒಂದು ಕೆಟ್ಟಿದ್ದರೆ ಅಲೆಯೇ ದೊಡ್ಡದಾಗುವುದರಿಂದ ಆಗ ಆಲ್ಟರ್ನೇಟರನ್ನೇ ನೋಡಬೇಕಾಗುತ್ತದೆ.

ಬಾನುಲಿಯಲ್ಲಿ ಕೇಳಿಸುವ ಚಟಚಟಕ್ಕೆ ಹಳೆಯ ಇತಿಹಾಸವುಂಟು. ವಿದ್ಯುತ್ತಿನ ಕಿಡಿಯಿಂದ ರೇಡಿಯೊ ಅಲೆಗಳು ಹೊರಡುತ್ತವೆಂಬುದನ್ನು ಹೈನ್‌ರಿಕ್ ಹರ್ಟ್ಸನು 1887ರಲ್ಲಿ ತೊಡಗಿದ ಪ್ರಯೋಗಗಳಿಂದ ತೋರಿಸಿದನು. ಪೆಟ್ರೋಲ್ ಎಂಜಿನ್ನಿನ ಪ್ರತಿಯೊಂದು ಸ್ಪಾರ್ಕ್ ಪ್ಲಗ್ಗೂ ಹಾಗೆ ನೋಡಿದರೆ ಹರ್ಟ್ಸನ ಒಂದು ಪುಟ್ಟ ಪ್ರೇಷಕವೇ. ಅಮೆರಿಕದಲ್ಲಿ 1930ರಲ್ಲಿ ಗಾಲ್ವಿನ್ ಸಂಸ್ಥೆಯು ಮೋಟರೋಲಾ ಎಂಬ ಹೆಸರಿನ ಕಾರು ರೇಡಿಯೊವನ್ನು ಮಾರಾಟಕ್ಕೆ ತಂದ ಕಾಲದಲ್ಲಿ ಪ್ಲಗ್ಗಿನ ತಂತಿಗಳಿಗೆ ರೋಧಕಗಳನ್ನು ಸೇರಿಸಿ ಈ ಕಿಡಿಯ ಸದ್ದನ್ನು ಅಡಗಿಸಬೇಕಾಗುತ್ತಿತ್ತು. ಇಂದಿನ ಪ್ಲಗ್ಗುಗಳಲ್ಲಿ ರೋಧವು ಒಳಗೇ ಇರುವುದು ಸಾಮಾನ್ಯ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯೇ ಇಲ್ಲವಾದುದರಿಂದ ಅಲ್ಲಿ ಈ ಸಂಶಯಕ್ಕೆ ಎಡೆಯಿಲ್ಲ. ಗುಂಡಿಯಲ್ಲಿ ಇಳಿದಾಗ ಮಾತ್ರ ಬರುವ ಚಟಚಟವಾದರೋ ಬಹುಶಃ ಸಡಿಲವಾದ ತಂತಿಯದು. ಬಾಗಿಲಿನ ಕೀಲಿನ ಬಳಿಯ ರಬ್ಬರು ನಳಿಕೆಯೊಳಗೆ ತಂತಿಯು ದಿನವೂ ಮಡಿಸಿ ಬಿಚ್ಚಿ ಒಳಗೊಳಗೇ ಎಳೆ ಕಡಿದಿರುವುದುಂಟು. ಹಾಡು ಬರುತ್ತಿರುವಾಗ ನಿಂತ ಕಾರಿನ ಬಾಗಿಲನ್ನು ನಿಧಾನವಾಗಿ ತೆರೆದು ಮುಚ್ಚಿ ನೋಡಿದರೆ ಸಾಕು.

ಗರಗರಕ್ಕೆ ಬರೋಣ. ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಪ್ರಕಟಿಸಿದ ವಿನ್ಯಾಸದ ವಂಶಕ್ಕೇ ನಮ್ಮ ಕಾರಿನ ಸ್ಪೀಕರೂ ಸೇರಿದೆ: ಅಯಸ್ಕಾಂತದ ಇಕ್ಕಟ್ಟಾದ ಸಂದಿನಲ್ಲಿ ಒಂದು ತಂತಿಸುರುಳಿ, ಸುರುಳಿಗೆ ಅಂಟಿಕೊಂಡ ಕಾಗದದ ಅಥವಾ ಪ್ಲಾಸ್ಟಿಕ್ಕಿನ ಶಂಕು, ಶಂಕುವಿನ ಸುತ್ತ ರಬ್ಬರಿನ ಇಲ್ಲವೆ ಸ್ಪಂಜಿನ ಅಂಚು. ಗಾಳಿಯಲ್ಲಿ ಹುಟ್ಟುವ ಒತ್ತಡವು ಶಂಕುವಿನ ವೇಗೋತ್ಕರ್ಷವನ್ನು ಅನುಸರಿಸುತ್ತದೆ. ಸರಳ ಸಂಗತ ಚಲನೆಯಲ್ಲಿ ವೇಗೋತ್ಕರ್ಷವು ಆವೃತ್ತಿಯ ವರ್ಗವನ್ನು ಸ್ಥಾನಪಲ್ಲಟದಿಂದ ಗುಣಿಸಿದ ಪ್ರಮಾಣದಲ್ಲಿರುವುದನ್ನು ನೀವು ಓದಿದ್ದೀರಿ. ಆದಕಾರಣ 200 ಹರ್ಟ್ಸಿನಲ್ಲಿ ಶಂಕು ಎಷ್ಟು ಅಲುಗುವುದೋ, ಅಷ್ಟೇ ಒತ್ತಡವನ್ನು 50 ಹರ್ಟ್ಸಿನಲ್ಲಿ ಹುಟ್ಟಿಸಲು ಅದರ ಹದಿನಾರರಷ್ಟು ಅಲುಗಬೇಕು. ಕೊಳಲಿಗೆ ಸುಮ್ಮನಿದ್ದ ಗರಗರವು ಮೃದಂಗಕ್ಕೆ ಎದ್ದದ್ದು ಏಕೆಂಬುದು ಈಗ ಸ್ಪಷ್ಟವಾಯಿತಷ್ಟೆ? ಹೆಚ್ಚು ಅಲುಗಿದಾಗ ಸುರುಳಿಯು ಸಂದಿನ ಗೋಡೆಗೆ ತಾಗಬಹುದು, ಹರಿದ ಅಂಚು ಪಟಪಟಿಸಬಹುದು, ಸಡಿಲವಾದ ಸ್ಕ್ರೂ ನಡುಗಬಹುದು. ನ್ಯೂಟನ್ನನ ಮೂರನೆಯ ನಿಯಮದಂತೆ ಬಾಗಿಲೂ ಹಿಂದಕ್ಕೆ ತಳ್ಳಲ್ಪಡುವುದರಿಂದ ಅದರೊಳಗಿನ ಬೀಗದ ಸಲಾಕೆ, ಒಳಹೊದಿಕೆ, ಅರ್ಧ ಇಳಿಸಿದ ಗಾಜು ಇವೆಲ್ಲವೂ ಕಂಪಿಸುತ್ತವೆ. ತಮ್ಮ ಸ್ವಾಭಾವಿಕ ಆವೃತ್ತಿಯು ಎದುರಾದಾಗ ಅತ್ಯಧಿಕವಾಗಿ ಕಂಪಿಸುತ್ತವೆ.

ಬಾಗಿಲೊ ಸ್ಪೀಕರೊ ಎಂಬುದನ್ನು ಹೀಗೆ ತಿಳಿಯಬಹುದು. ಮೊಬೈಲ್ ಫೋನಿನಲ್ಲಿ ಶುದ್ಧಸ್ವರವನ್ನು ಹುಟ್ಟಿಸುವ ಸಾಧನಗಳು ಉಚಿತವಾಗಿಯೇ ದೊರೆಯುತ್ತವೆ. 30 ಹರ್ಟ್ಸಿನಿಂದ 200ರವರೆಗೆ ಮೆಲ್ಲನೆ ಏರಿಸುತ್ತ ಹೋಗಿ. ನನ್ನ ಬಾಗಿಲು 85ರಿಂದ 95ರ ನಡುವೆ ಮಾತ್ರ ಗರಗುಟ್ಟಿತು. ಹೀಗೆ ಕಿರಿದಾದ ಎಡೆಯಲ್ಲಿ ಮಾತ್ರ ಬಂದು, ಕೈಯೊತ್ತಿದಾಗ ನಿಂತರೆ, ಅದು ಅನುರಣನೆ. ಸುರುಳಿಯು ಉಜ್ಜುತ್ತಿದ್ದರೆ ಕೈಯೊತ್ತುವುದರಿಂದ ಏನೂ ಆಗದು. ಆಗ ಸ್ಪೀಕರನ್ನು ಹೊರತೆಗೆದು, ಶಂಕುವನ್ನು ಎರಡೂ ಕೈಬೆರಳುಗಳಿಂದ ಸಮವಾಗಿ, ಹಗುರವಾಗಿ ಒತ್ತಿ ನೋಡಬೇಕು. ಕರಕರ ಎಂದು ಕೈಗೆ ತಿಳಿದರೆ ಅದರ ಆಯುಸ್ಸು ಮುಗಿಯಿತು. 4 ಓಮಿನ ಸ್ಪೀಕರಿನ ಸುರುಳಿಯು ಮಲ್ಟಿಮೀಟರಿನಲ್ಲಿ 3ರಿಂದ 3.5 ಓಮಿನಷ್ಟನ್ನು ತೋರಿಸುವುದು ಸಾಮಾನ್ಯ. ಅಂಗಡಿಯವರು "ಹೋಗಿದೆ" ಎಂದ ನನ್ನ ಸ್ಪೀಕರು 3.4 ತೋರಿಸಿತು, 1.5 ವೋಲ್ಟಿನ ಶುಷ್ಕಕೋಶವನ್ನು ಕ್ಷಣಕಾಲ ತಾಗಿಸಿದಾಗ ಥಪ್ಪೆಂದು ಮುಂದಕ್ಕೆ ಹಾರಿತು. ಅದೀಗ ನಮ್ಮ ಪ್ರಯೋಗಶಾಲೆಯ ಬೀರುವಿನಲ್ಲಿದೆ.

ಎಲ್ಲವೂ ಸರಿಯಿದ್ದೂ ಧ್ವನಿಯನ್ನು ಹೆಚ್ಚಿಸಿದಾಗ ಮಾತ್ರ ಸ್ವರವು ಒಡೆಯುವುದುಂಟು. ಇದಕ್ಕೆ ಕಾರಣವು ಡಬ್ಬದ ಮೇಲೆ ಮುದ್ರಿಸಿರುವ "50 ವಾಟ್" ಎಂಬ ಅಂಕಿಯನ್ನು ನಂಬುವುದು. ಓಡುವ ಕಾರಿನ ವೋಲ್ಟೇಜು ಹೆಚ್ಚೆಂದರೆ 14.4. ಸಾಧಾರಣ ಸ್ಟೀರಿಯೊದೊಳಗಿನ ಆಂಪ್ಲಿಫಯರು ಅದಕ್ಕಿಂತ ಹೆಚ್ಚಿನದನ್ನು ಸ್ಪೀಕರಿಗೆ ಕೊಡಲಾರದು. 14.4ರ ವರ್ಗವನ್ನು 4 ಓಮಿನ ಎರಡರಷ್ಟರಿಂದ, ಅಂದರೆ 8ರಿಂದ, ಭಾಗಿಸಿ: ಸುಮಾರು 26 ವಾಟು. ಶುದ್ಧವಾದ ಸ್ವರಕ್ಕೆ ಇದೇ ಪರಮಾವಧಿ. ನಿಜದಲ್ಲಿ ಇನ್ನೂ ಕಡಿಮೆ. ಎಂಟರ ಬದಲು ನಾಲ್ಕರಿಂದ ಭಾಗಿಸಿದರೆ 52 ವಾಟು ಬರುತ್ತದೆ. ಅದು ಅಲೆಯ ನೆತ್ತಿಯೂ ತಳವೂ ಕತ್ತರಿಸಿಹೋಗಿ ಚೌಕವಾದಾಗಿನ ಲೆಕ್ಕ. ಎಂದರೆ ಡಬ್ಬದ ಮೇಲಿರುವುದು ಹಾಡು ಪೂರ್ತಿ ಕೆಟ್ಟಾಗ ದೊರೆಯುವ ಶಕ್ತಿ! ದ್ವಿತೀಯ ಪಿ.ಯು.ಸಿ.ಯ ಗಣಿತದಿಂದ ಬಯಲಾಗುವ ಇಂಥ ಜಾಹೀರಾತನ್ನು ನಾವು ಒಪ್ಪಿ ಹಣ ಕೊಡುತ್ತಿರುವುದು ಸೋಜಿಗ.

ಈಗ ನನ್ನ ಮುಖ್ಯವಾದ ಮಾತನ್ನು ಹೇಳುತ್ತೇನೆ. ಅಂದು ಬಾಗಿಲಿನ ಮೇಲೆ ಕೈಯಿಟ್ಟ ಹುಡುಗನಿಗೆ, ಅದಕ್ಕೆ ಕೆಲವು ತಿಂಗಳ ಹಿಂದೆ, ಕಾಲೇಜಿನ ಪ್ರಾಯೋಗಿಕ ಪರೀಕ್ಷೆಯಲ್ಲಿ ನಾನು ಇಪ್ಪತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದೆ. ಅವನಿಗೆ ಬಂದದ್ದು ಮೀಟರ್ ಬ್ರಿಜ್. ಗ್ಯಾಲ್ವನೋಮೀಟರಿನ ಮುಳ್ಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. ಬೇರೆಯವರಾಗಿದ್ದರೆ ಮೇಜನ್ನು ಬದಲಿಸಿಕೊಡಿರೆಂದು ಕೇಳುತ್ತಿದ್ದರು, ಅಥವಾ ಪಕ್ಕದವನ ಅಂಕಿಗಳನ್ನು ತುಸು ತಿದ್ದಿ ಬರೆದುಕೊಳ್ಳುತ್ತಿದ್ದರು. ಇವನು ನಲವತ್ತು ನಿಮಿಷ ಹುಡುಕಿ, ಹಿತ್ತಾಳೆಯ ಪಟ್ಟಿಯ ಸ್ಕ್ರೂವಿನ ಕೆಳಗೆ ಕಿಲುಬು ಕಟ್ಟಿರುವುದನ್ನು ಕಂಡು, ಉಜ್ಜಿ, ಬಿಗಿದನು. ಉಳಿದ ವೇಳೆಯಲ್ಲಿ ಎರಡೇ ಅಂಕಿಗಳು ದೊರೆತವು. ಕೋಷ್ಟಕವು ತುಂಬಿರಲಿಲ್ಲವಾದುದರಿಂದ ಅಂಕಗಳನ್ನು ಕಳೆದೆ. ಕಿಲುಬನ್ನು ಕಂಡುಹಿಡಿದದ್ದಕ್ಕೆ ಅಂಕವಿಡಲು ನನ್ನ ಹಾಳೆಯಲ್ಲಿ ಕಲಮು ಇರಲಿಲ್ಲ. ಆ ಕಿಲುಬಿಗೂ ಕಾರಿನ ಬೋಲ್ಟಿನ ತುಕ್ಕಿಗೂ ಭೌತಶಾಸ್ತ್ರದ ದೃಷ್ಟಿಯಲ್ಲಿ ಯಾವ ವ್ಯತ್ಯಾಸವೂ ಇಲ್ಲವೆಂಬುದು ನನಗೆ ರಸ್ತೆಯ ಬದಿಯಲ್ಲಿ ಹೊಳೆಯಿತು. ಅವನಲ್ಲಿ ಕ್ಷಮೆ ಕೇಳಿದೆ. "ಇರ್ಲಿ ಬಿಡಿ ಸಾರ್" ಎಂದನು. ಆದರೆ ಅಂಕಪಟ್ಟಿಯು ಆ ವೇಳೆಗೆ ಮನೆಗೆ ಹೋಗಿಯಾಗಿತ್ತು.

ನಮ್ಮ ಪ್ರಾಯೋಗಿಕ ತರಗತಿಗಳಲ್ಲಿ ಸರಿಯಾಗಿರುವ ಉಪಕರಣವನ್ನು ಮಾತ್ರ ವಿದ್ಯಾರ್ಥಿಯ ಕೈಗೆ ಕೊಡುತ್ತೇವೆ. ಕೆಟ್ಟರೆ ಅಟೆಂಡರು ಬಂದು ಒಯ್ಯುತ್ತಾರೆ. ಹೀಗಾಗಿ ಹನ್ನೆರಡು ವರ್ಷ ಓದಿದವನೂ ಕೆಟ್ಟ ವಸ್ತುವಿನ ಮುಂದೆ ದಿಕ್ಕುಗಾಣದೆ ನಿಲ್ಲುವನು, ನಾನು ನಿಂತಂತೆ. ವರ್ಷದಲ್ಲಿ ಒಂದು ಪ್ರಯೋಗವಾದರೂ ಬೇಕೆಂದೇ ದೋಷವನ್ನಿಟ್ಟ ಉಪಕರಣದ ಮೇಲೆ ನಡೆಯಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಳೆಯ ಸ್ಪೀಕರು, ಕೋಶ, ತಂತಿ, ಒಂದು ಮರದ ಪೆಟ್ಟಿಗೆ ಇದ್ದರೆ ಸಾಕು. ದೋಷವೇನೆಂಬುದನ್ನು ಬರೆದು ಲಕೋಟೆಯಲ್ಲಿ ಅಂಟಿಸಿಡಬೇಕು. ವಿದ್ಯಾರ್ಥಿಯು ಯಾವ ಪ್ರಶ್ನೆಯ ತರುವಾಯ ಯಾವ ಪ್ರಶ್ನೆಯನ್ನು ಕೇಳಿದನು, ಪ್ರತಿ ಉತ್ತರದಿಂದ ಯಾವುದನ್ನು ಬಿಟ್ಟುಕೊಟ್ಟನು ಎಂಬುದನ್ನು ಪುಸ್ತಕದಲ್ಲಿ ಬರೆಯಬೇಕು. ಅಂಕವು ಆ ಕ್ರಮಕ್ಕೆ. ದೋಷವು ಸಿಕ್ಕದಿದ್ದರೂ ಕ್ರಮವು ಸರಿಯಿದ್ದರೆ ಪೂರ್ಣ ಅಂಕಗಳನ್ನು ಕೊಡಲು ನಾನು ಸಿದ್ಧ. ಅದೃಷ್ಟದಿಂದ ಕೈಹಾಕಿದೊಡನೆ ಸಿಕ್ಕವನಿಗೆ ಕೊಡುವುದಿಲ್ಲ.

ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಒಪ್ಪುವುದಿಲ್ಲ. ಪರೀಕ್ಷೆಯಲ್ಲಿ ಕೆಟ್ಟ ಉಪಕರಣ ಕೊಟ್ಟರೆ ಮರುದಿನವೇ ಪೋಷಕರು ಪ್ರಿನ್ಸಿಪಾಲರ ಕೋಣೆಯಲ್ಲಿ ಇರುವರೆಂದು ಒಬ್ಬರು ಎಚ್ಚರಿಸಿದರು, ಅದು ಸುಳ್ಳಲ್ಲ. ಪಠ್ಯಕ್ರಮವನ್ನು ಮುಗಿಸಲೇ ವೇಳೆ ಸಾಲದೆಂದು ಇನ್ನೊಬ್ಬರು ಹೇಳಿದರು. ಅದೂ ನಿಜ, ಆದರೆ ಉತ್ತರವು ಮೊದಲೇ ತಿಳಿದಿರುವ ಹತ್ತು ಪ್ರಯೋಗಗಳಲ್ಲಿ ಒಂದನ್ನು ಬಿಟ್ಟರೆ ಆಗುವ ನಷ್ಟವನ್ನು ಅವರು ನನಗೆ ತೋರಿಸಿಕೊಡಲಿಲ್ಲ. ಮೂರನೆಯವರು, ಇದು ಐ.ಟಿ.ಐ.ಯವರ ಕೆಲಸ, ನಮ್ಮದಲ್ಲ ಎಂದರು. ಈ ಮಾತು ಮಾತ್ರ ನನಗೆ ನೋವನ್ನುಂಟುಮಾಡಿತು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ 'ಆಕಾಶವಾಣಿ'ಯೆಂಬ ಬಾನುಲಿ ಕೇಂದ್ರವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅವರು ಆ ಕೆಲಸವು ತಮ್ಮದಲ್ಲವೆಂದು ಸುಮ್ಮನಿದ್ದರೆ?

ಕಾರಿನಲ್ಲಿ ಕೈಯಾಡಿಸಲು ಹೊರಡುವ ವಿದ್ಯಾರ್ಥಿಗಳಿಗೆ ಎರಡು ಎಚ್ಚರಿಕೆಗಳು. ತಂತಿಗೆ ಕೈಹಾಕುವ ಮುನ್ನ ಬ್ಯಾಟರಿಯ ಋಣತುದಿಯನ್ನು ಕಳಚಿರಿ. ಹಳದಿ ಹೊದಿಕೆಯ ತಂತಿಗಳು ಏರ್‌ಬ್ಯಾಗಿಗೆ ಸೇರಿದುವಾಗಿರುವುದರಿಂದ ಅವುಗಳನ್ನು ಮುಟ್ಟಲೇಬೇಡಿರಿ. ಎಂಜಿನ್ನನ್ನು ಓಡಿಸಿ ಕೇಳಬೇಕಾದಾಗ ಬಯಲಿನಲ್ಲಿ ಓಡಿಸಿರಿ. ಮುಚ್ಚಿದ ಶೆಡ್ಡಿನಲ್ಲಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು ಪ್ರಾಣಾಪಾಯವನ್ನುಂಟುಮಾಡುವುದು.

ನನ್ನ ಕಾರಿನ ಗರಗರವು ಹೋಯಿತು. ಆದರೆ ಎರಡು ವಾರಗಳಿಂದ, ಫೋನನ್ನು ತಂತಿಯಿಂದ ಸ್ಟೀರಿಯೊಗೆ ಜೋಡಿಸಿ, ಅದೇ ವೇಳೆಗೆ ಕಾರಿನ ಸಾಕೆಟ್ಟಿನಿಂದ ಚಾರ್ಜ್ ಮಾಡಿದರೆ ಸಣ್ಣಗೆ ಒಂದು ಕುಂಯ್ ಕೇಳುತ್ತಿದೆ. ಚಾರ್ಜರನ್ನು ಕಿತ್ತರೆ ನಿಲ್ಲುತ್ತದೆ, ಎಂಜಿನ್ನಿನೊಡನೆ ಏರುತ್ತದೆ, ಬ್ಲೂಟೂತಿನಲ್ಲಿ ಬರುವುದಿಲ್ಲ. ಬರುವ ಭಾನುವಾರ ಆ ಹುಡುಗನೂ ಅವನ ಇಬ್ಬರು ಸ್ನೇಹಿತರೂ ನೋಡಲು ಬರುತ್ತೇವೆಂದಿದ್ದಾರೆ. ನನ್ನ ಊಹೆಯನ್ನು ಬರೆದು ಲಕೋಟೆಯಲ್ಲಿ ಅಂಟಿಸಿಟ್ಟಿದ್ದೇನೆ.